ಮೂವತ್ತೊಂದರ ಎಣಿಕೆ

ಆಥಲ್ ಪರ್ಟನ್ ಜೀವಮಾನದಲ್ಲಿ ಯಾರಿಗೂ ಅನ್ಯಾಯ ಮಾಡಿದವನಲ್ಲ, ಒಡಹುಟ್ಟಿದ ತಮ್ಮನೊಬ್ಬನನ್ನು ಬಿಟ್ಟರೆ. ಅದನ್ನೂ ಅವನು ನ್ಯಾಯವೆಂದೇ ತಿಳಿದು ಮಾಡಿದ್ದ. ಒಂದಲ್ಲ ಎರಡಲ್ಲ, ಹತ್ತೊಂಬತ್ತು ವರ್ಷ.

ಫರ್ನ್‌ಲೀ ಊರಿನ ಮೇಳದಲ್ಲಿ ಕೊಡಲಿ ಪಂದ್ಯಕ್ಕೆ ಎಣಿಕೆ ಹಾಕುತ್ತಿದ್ದವನು ಅವನೇ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಆ ಸೀಮೆಯಲ್ಲಿ ಶಾಸಕ ಯಾರೆಂದು ಕೇಳಿದರೆ ಜನ ತಲೆ ಕೆರೆದುಕೊಂಡಾರು. ಎಣಿಕೆಯವನು ಯಾರೆಂದು ಕೇಳಿದರೆ ಮಕ್ಕಳೂ ಬೆರಳು ಮಾಡಿ ತೋರಿಸುತ್ತಿದ್ದರು. ಅಲ್ಲಿನ ಪಂದ್ಯದಲ್ಲಿ ಎಲ್ಲರೂ ಒಟ್ಟಿಗೆ ಕೊಡಲಿ ಎತ್ತುವಂತಿಲ್ಲ. ಕೂಗುವವನು ಸೆಕೆಂಡಿಗೊಂದರಂತೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುತ್ತಾನೆ. ಹೊಸಬ ಮೂರಕ್ಕೇ ಕಡಿಯಲು ಶುರು ಮಾಡುತ್ತಾನೆ, ಪಳಗಿದವನು ಹದಿನೈದಕ್ಕೋ ಇಪ್ಪತ್ತಕ್ಕೋ. ಎಷ್ಟು ಗಟ್ಟಿಗನೋ ಅಷ್ಟು ಹೊತ್ತು ಅವನು ತನ್ನ ದಿಮ್ಮಿಯ ಮೇಲೆ ಕೊಡಲಿ ಹಿಡಿದು, ಉಳಿದವರು ಚಕ್ಕೆ ಹಾರಿಸುವುದನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ನಿಂತಿರಬೇಕು. ಕೊನೆಗೆ ಎಲ್ಲರ ದಿಮ್ಮಿಯೂ ಹೆಚ್ಚುಕಮ್ಮಿ ಒಂದೇ ಕ್ಷಣಕ್ಕೆ ತುಂಡಾಗಿ ಬಿದ್ದರೆ ಎಣಿಕೆ ಹಾಕಿದವನ ಲೆಕ್ಕ ಸರಿಯಾಯಿತು ಎಂದರ್ಥ. ಯಾರು ಎಷ್ಟಕ್ಕೆ ಎಂದು ತೀರ್ಮಾನಿಸುವುದೇ ಆಥಲ್‌ನ ಕೆಲಸ.

ಅವನು ಆ ಕೆಲಸಕ್ಕೆ ನಿಂತ ಮೊದಲ ವರ್ಷವೇ ತಮ್ಮ ಲಿಂಡ್ಸೆ ಮೂರು ಪದಕ ಗೆದ್ದ. ಬಿಯರ್ ಡೇರೆಯೊಳಗಿಂದ ಯಾರೋ, "ಅಣ್ಣ ಎಣಿಸಿದ್ರೆ ತಮ್ಮ ಗೆಲ್ದೆ ಇರ್ತಾನಾ" ಎಂದದ್ದು ಹೊರಗೆ ನಿಂತಿದ್ದ ಆಥಲ್‌ನ ಕಿವಿಗೆ ಬಿತ್ತು. ಅಂದವರು ಯಾರೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಮೈಯೆಲ್ಲ ಉರಿದುಹೋಯಿತು. ಮುಂದಿನ ವರ್ಷದಿಂದ ಲಿಂಡ್ಸೆಗೆ ನಿಜವಾಗಿ ಎಷ್ಟು ಬರಬೇಕೋ ಅದಕ್ಕೆ ಎರಡು ಸೇರಿಸಿ ಬರೆಯತೊಡಗಿದ. ಯಾರೂ ಬೆರಳು ತೋರಿಸಬಾರದು, ಅಷ್ಟೇ. ಸರಿಯಾದ ಎಣಿಕೆಯನ್ನು ಮಾತ್ರ ಅಂಗಿಯ ಜೇಬಿನ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದ. ಅದು ಯಾಕೆ ಬೇಕಿತ್ತೋ ಅವನಿಗೇ ಗೊತ್ತಿಲ್ಲ. ತನಗಾದರೂ ಸತ್ಯ ತಿಳಿದಿರಲಿ ಎಂದಿರಬೇಕು.

ಈಗ ಆಥಲ್‌ಗೆ ಎಪ್ಪತ್ತೊಂಬತ್ತು, ಲಿಂಡ್ಸೆಗೆ ಎಪ್ಪತ್ತಾರು. ಲಿಂಡ್ಸೆ ಮೂರು ವಾರದಿಂದ ಬರ್ನಿ ಪಟ್ಟಣದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದಾನೆ. ಶ್ವಾಸಕೋಶ ಪೂರ್ತಿ ಕೆಟ್ಟಿದೆ, ಮನೆಗೆ ಬರುವ ಮಾತಿಲ್ಲ. ಅದೇ ಹೊತ್ತಿಗೆ ಮೇಳದ ಮೈದಾನದಲ್ಲಿ ಕೊಡಲಿ ಪಂದ್ಯಕ್ಕೆಂದು ಹೊಸ ಗ್ಯಾಲರಿ ಎದ್ದಿತು. ಅದಕ್ಕೆ ಊರಿನ ಅತಿ ದೊಡ್ಡ ಕೊಡಲಿಗಾರನ ಹೆಸರಿಡಬೇಕೆಂದು ಸಮಿತಿ ಶನಿವಾರ ಮಧ್ಯಾಹ್ನ ಸಭೆ ಕರೆಯಿತು. ಲಿಂಡ್ಸೆ ಕಣ್ಣು ಮುಚ್ಚುವ ಮುಂಚೆ ಅವನ ಹೆಸರು ಅಲ್ಲಿ ಏರಬೇಕು ಎಂಬ ಒಂದೇ ಆಸೆ ಆಥಲ್‌ಗೆ. ಜೇಬಿನಲ್ಲಿ ಪೆನ್ಸಿಲ್ ಪುಸ್ತಕ ಇಟ್ಟುಕೊಂಡು ಅವನು ಸಭೆಗೆ ಹೋದ.

ಹನ್ನೊಂದು ಜನ ಸದಸ್ಯರು. ಮೇಜಿನ ಮೇಲೆ ಬನ್ನಿನಂಥ ಸ್ಕೋನ್, ರಾಸ್ಪ್‌ಬೆರಿ ಜಾಮ್, ದೊಡ್ಡ ಪಾತ್ರೆಯಲ್ಲಿ ಚಹಾ. ಗೋಡೆಯ ಮೇಲೆ ಗೆದ್ದವರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆದ ಹಲಗೆಗಳು ಸಾಲಾಗಿ. ಅಧ್ಯಕ್ಷೆ ಗ್ಲೆನಿಸ್ ರಾಕ್ಲಿಫ್ ಮೊದಲೇ ಒಂದು ಕುರ್ಚಿ ಹಾಕಿಕೊಂಡು ಹತ್ತಿ, ಹಲಗೆಗಳನ್ನೆಲ್ಲ ಎಣಿಸಿ ಚೀಟಿಯಲ್ಲಿ ಬರೆದುಕೊಂಡಿದ್ದಳು.

"ಬೆವನ್ ಗಾಫ್, ಮೂವತ್ನಾಲ್ಕು ಪದಕ. ಲಿಂಡ್ಸೆ ಪರ್ಟನ್, ಹದಿನೆಂಟು. ಉಳಿದೋರು ಯಾರೂ ಹತ್ತೂ ದಾಟಿಲ್ಲ. ಮೂವತ್ನಾಲ್ಕು ದೊಡ್ಡದೋ ಹದಿನೆಂಟು ದೊಡ್ಡದೋ? ಇದಕ್ಕೊಂದು ಸಭೆ ಬೇರೆ ಬೇಕಾ?"

ಬೆವನ್ ಗಾಫ್ ಅಲ್ಲೇ ಕೂತಿದ್ದ. ಅವನೂ ಸದಸ್ಯನೇ. ಈಗ ಹೊಟ್ಟೆ ಬಂದಿದೆ, ಮಂಡಿ ಹೋಗಿದೆ, ತೋಳು ಮಾತ್ರ ಇನ್ನೂ ಗಟ್ಟಿ. "ನನ್ನ ಮುಖ ನೋಡ್ಬೇಡ್ರಪ್ಪ, ನಾನು ಸ್ಕೋನ್ ತಿನ್ನಕ್ ಬಂದಿರೋದು" ಎಂದು ಎಲ್ಲರನ್ನೂ ನಗಿಸಿದ.

ಆಲೂಗಡ್ಡೆ ಬೆಳೆಯುವ ಕ್ಲೈವ್‌ಗೆ ವಾದವೆಂದರೆ ಊಟಕ್ಕಿಂತ ಇಷ್ಟ. "ಪದಕ ಎಣಿಸಿ ದೊಡ್ಡೋರು ಯಾರು ಅಂತ ಹೇಳಕ್ಕಾಗತ್ತಾ ಗ್ಲೆನಿಸ್? ಈಜೋರನ್ನ ನೋಡು. ಮಕಾಡೆ ಈಜಿದ್ರೆ ಒಂದು, ಅಂಗಾತ ಈಜಿದ್ರೆ ಒಂದು, ಕಪ್ಪೆ ಥರ ಈಜಿದ್ರೆ ಇನ್ನೊಂದು. ಒಂದೇ ನೀರು, ಒಂದೇ ವಾರ, ಕತ್ತು ತುಂಬಾ ಪದಕ. ಅದೇ ಮ್ಯಾರಥಾನ್ ಓಡೋನು ಪಾಪ ನಾಲ್ಕು ವರ್ಷಕ್ಕೊಂದ್ಸಲ ಪ್ರಾಣ ಬಿಟ್ಟು ಓಡಿ ಒಂದು ತರ್ತಾನೆ. ಅವನೇನು ಚಿಕ್ಕೋನಾ?"

"ಸರಿ, ಪದಕ ಬೇಡ. ಮತ್ತೆ ಯಾವ್ದರಲ್ಲಿ ಅಳೀತೀಯಾ? ತೂಕ ಹಾಕ್ತೀಯಾ?"

"ತೂಕ ಹಾಕಿದ್ರೂ ಬೆವನ್ನೇ" ಎಂದ ಕ್ಲೈವ್. ಮತ್ತೆ ನಗು.

ಆಥಲ್ ನಗಲಿಲ್ಲ. "ನಂದೊಂದ್ ಮಾತಿದೆ" ಎಂದು ಎದ್ದು ನಿಂತ. "ನಮ್ಮ ಪಂದ್ಯ ಇರೋದೇ ಹಾಗೆ. ಗಟ್ಟಿಗ ಗೆಲ್ಲಬಾರ್ದು ಅಂತಲೇ ಅವನನ್ನ ಹಿಂದೆ ನಿಲ್ಸೋದು. ಬೆವನ್ ಹತ್ತೊಂಬತ್ತಕ್ಕೆ ಕಡಿಯೋಕೆ ಶುರು ಮಾಡ್ತಿದ್ದ. ಲಿಂಡ್ಸೆ ಮೂವತ್ತೊಂದಕ್ಕೆ. ಹನ್ನೆರಡು ಸೆಕೆಂಡು ಸುಮ್ನೆ ನಿಂತು, ಆಮೇಲೂ ಹದಿನೆಂಟು ಗೆದ್ದಿದ್ದಾನೆ."

"ಹಾಗಂದ್ರೆ ಲಿಂಡ್ಸೆ ಒಂದ್ಸಲ ಸಿಡ್ನಿಗೆ ಹೋಗಿ ತೋರಿಸ್ಬೇಕಿತ್ತು" ಎಂದಳು ಗ್ಲೆನಿಸ್. "ಅಲ್ಲಿ ಎಲ್ಲಾರೂ ಒಟ್ಟಿಗೇ ಶುರು. ಈ ಎಣಿಕೆ ಗಿಣಿಕೆ ಏನೂ ಇಲ್ಲ."

"ಅವನ ಹಸುಗಳ ಹಾಲು ಯಾರು ಕರೀತಿದ್ರು, ನೀನಾ?" ಎಂದ ಆಥಲ್.

ಹೈನಿನವರ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಕರೆಯಲೇಬೇಕು. ಲಿಂಡ್ಸೆ ಜೀವಮಾನದಲ್ಲಿ ಕಡಲು ದಾಟಿದವನಲ್ಲ. ಆದರೆ ಇಷ್ಟಕ್ಕೇ ಮತ ಬದಲಾಗುವುದಿಲ್ಲ ಎಂಬುದು ಎಲ್ಲರ ಮುಖದಲ್ಲೂ ಕಾಣುತ್ತಿತ್ತು. ಆಗ ಆಥಲ್ ಜೇಬಿನಿಂದ ಪುಸ್ತಕ ತೆಗೆದ. ಬಿಯರ್ ಡೇರೆಯ ಮಾತಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಎರಡು ಸೆಕೆಂಡು ಸೇರಿಸಿದ್ದು. ವರ್ಷವರ್ಷವೂ ಸೇರಿಸಿದ್ದು. ಎರಡು ಸೆಕೆಂಡಿಗಿಂತ ಕಮ್ಮಿ ಅಂತರದಲ್ಲಿ ಲಿಂಡ್ಸೆ ಸೋತ ಪಂದ್ಯಗಳು ಇಪ್ಪತ್ತಮೂರು. ಅದರಲ್ಲಿ ಹನ್ನೊಂದು ಬೆವನ್‌ನ ಕೊರಳಿಗೆ ಹೋದವು.

"ನಾನು ಸರಿಯಾಗಿ ಬರ್ದಿದ್ರೆ ಲಿಂಡ್ಸೆಗೆ ನಲವತ್ತೊಂದು, ಬೆವನ್‌ಗೆ ಇಪ್ಪತ್ತಮೂರು" ಎಂದು ಕೂತ. ಪದಕ ಎಣಿಸಬೇಡಿ ಎಂದು ಎದ್ದು ನಿಂತವನು ಪದಕ ಎಣಿಸಿಯೇ ಕೂತಿದ್ದ. ಅದು ಅವನಿಗೆ ಹೊಳೆಯಲಿಲ್ಲ.

ಮೊದಲು ಬಾಯಿ ಬಿಟ್ಟವನು ಬೆವನ್. ಕೆಂಪಗಾಗಿದ್ದ. "ಅಂದ್ರೆ ನನ್ನ ಪದಕ ಬಿಟ್ಟಿ ಅಂತೀಯಾ? ಹತ್ತೊಂಬತ್ತು ಹಾಕಿದ್ದು ಯಾರು? ನೀನು. ನಾನು ನಿಲ್ಲಿಸಿದ ಕಡೆ ನಿಂತೆ, ಕಡಿ ಅಂದಾಗ ಕಡ್ದೆ."

"ನಿನ್ನದೇನೂ ತಪ್ಪಿಲ್ಲ ಬೆವನ್."

"ಗೊತ್ತು ನಂಗೆ, ನನ್ನ ತಪ್ಪಿಲ್ಲ ಅಂತ!"

"ಅವನಿಗೆ ಎರಡು ಸೇರಿಸ್ದೋನು ನಮಗೆಲ್ಲ ಏನೇನ್ ಸೇರಿಸಿದ್ದೀಯೋ, ಏನೇನ್ ಕಳ್ದಿದ್ದೀಯೋ" ಎಂದ ಕ್ಲೈವ್. ಈವರೆಗೆ ಲಿಂಡ್ಸೆಯ ಪರ ಮಾತಾಡುತ್ತಿದ್ದವನು ಅವನೇ. ಅವನ ಹೆಸರೂ ಆ ಹಲಗೆಯ ಮೇಲೆ ಎರಡು ಕಡೆ ಇತ್ತು.

ಗ್ಲೆನಿಸ್ ಚೀಟಿಯನ್ನು ಮಡಚಿದಳು. ಕೆಟ್ಟ ಹೆಂಗಸಲ್ಲ ಅವಳು, ಮೇಳ ನಡೆಸಬೇಕಾದವಳು. "ನೋಡು ಆಥಲ್. ನಿನ್ನ ಪುಸ್ತಕ ನಿಜ ಅಂತ ಒಪ್ಕೊಂಡ್ರೆ ಹತ್ತೊಂಬತ್ತು ವರ್ಷದ್ದೆಲ್ಲಾ ಸುಳ್ಳು. ಗೋಡೆ ಮೇಲಿರೋ ಹಲಗೆ ಕೀಳ್ಬೇಕಾಗತ್ತೆ. ಯಾರ್ ಕೀಳ್ತೀರಾ? ಕೈ ಎತ್ತಿ."

ಯಾರೂ ಎತ್ತಲಿಲ್ಲ.

"ಲಿಂಡ್ಸೆಗೆ ಹೇಗೂ ನಾವು ಎಣಿಸ್ತೀವಲ್ಲ" ಎಂದಳು ಅವಳು, ದನಿ ತಗ್ಗಿಸಿ. "ಅದಕ್ಕಿಂತ ದೊಡ್ಡ ಮರ್ಯಾದೆ ಯಾವ್ದಿದೆ?"

ಸತ್ತ ಕೊಡಲಿಗಾರನಿಗೆ ಎಣಿಸುವುದು ಆ ಊರಿನ ಪದ್ಧತಿ. ಮುಂದಿನ ಮೇಳದ ಮೊದಲ ಪಂದ್ಯಕ್ಕೆ ಮುಂಚೆ ಒಂದು ದಿಮ್ಮಿಯನ್ನು ಖಾಲಿ ಇಡುತ್ತಾರೆ. ಸತ್ತವನ ಮನೆಯವರೊಬ್ಬರು ಅವನ ಎಣಿಕೆಯವರೆಗೆ ಕೂಗುತ್ತಾರೆ. ಅವನ ಸರಿಸಮಾನನಾದ ಒಬ್ಬ ಕೊಡಲಿಗಾರ ಆ ಎಣಿಕೆಗೆ ಸರಿಯಾಗಿ ದಿಮ್ಮಿಗೆ ಒಂದೇ ಒಂದು ಏಟು ಹಾಕುತ್ತಾನೆ. ದೊಡ್ಡ ಮರ್ಯಾದೆಯೇ ಹೌದು. ಆದರೆ ಲಿಂಡ್ಸೆ ಆಗ ಬರ್ನಿಯಲ್ಲಿ ಉಸಿರಾಡುತ್ತಿದ್ದ. ಬದುಕಿರುವವನಿಗೆ ಅದನ್ನು ಸಮಾಧಾನವೆಂದು ಹೇಳಿದ್ದು ಕೇಳಿ ಆಥಲ್ ಪುಸ್ತಕವನ್ನು ಜೇಬಿಗೆ ಸೇರಿಸಿದ.

ಮತಕ್ಕೆ ಹಾಕಿದರು. ಬೆವನ್‌ಗೆ ಒಂಬತ್ತು. ಲಿಂಡ್ಸೆಗೆ ಎರಡು, ಒಂದು ಆಥಲ್‌ನದು. ಇನ್ನೊಂದು ಕೈ ಯಾರದೆಂದು ತಿರುಗಿ ನೋಡಿದರೆ ಬೆವನ್. ಮುಖ ಇನ್ನೂ ಕೆಂಪಗೇ ಇತ್ತು, ಕಣ್ಣು ಸ್ಕೋನ್ ತಟ್ಟೆಯ ಮೇಲಿತ್ತು.

ಮಾರನೆಯ ದಿನ ಬೆಳಗ್ಗೆ ಆಥಲ್ ಆಸ್ಪತ್ರೆಗೆ ಹೋದ. ರಾತ್ರಿಯಿಡೀ ಒಂದೇ ಯೋಚನೆ. ಹೆಸರಂತೂ ಸಿಗಲಿಲ್ಲ, ತಪ್ಪನ್ನಾದರೂ ಒಪ್ಪಿಕೊಂಡುಬಿಡಬೇಕು. ಊರಲ್ಲಿ ಹತ್ತು ಜನಕ್ಕೆ ಹೇಳಿದ್ದನ್ನು ತಮ್ಮನಿಗೆ ಹೇಳದೆ ಇರುವುದೆಂದರೇನು? ಅವನು ಬೈಯಲಿ, ಉಗಿಯಲಿ. ಆಮೇಲೆ ಕ್ಷಮಿಸಿದರೆ ಕ್ಷಮಿಸಲಿ.

ಲಿಂಡ್ಸೆಯ ಹೆಂಡತಿ ಮೆರ್ಲ್ ಕಿಟಕಿಯ ಹತ್ತಿರ ಕೂತು ಉಣ್ಣೆ ಹೆಣೆಯುತ್ತಿದ್ದಳು. ಹಾಸಿಗೆಯ ಪಕ್ಕದ ಗೋಡೆಗೆ ಹಳೆಯ ಮೇಳದ ಕಾರ್ಯಕ್ರಮ ಪಟ್ಟಿಯ ಒಂದು ಹಾಳೆ ಅಂಟಿಸಿದ್ದರು. ಸ್ಪರ್ಧಿಗಳ ಹೆಸರು, ಮುಂದೆ ಅವರವರ ಎಣಿಕೆ. ಕೊನೆಯ ಸಾಲು: ಲಿ. ಪರ್ಟನ್, 31. ಮೂರು ವಾರದಿಂದ ಆಥಲ್ ಅದನ್ನು ನೋಡಿದಾಗಲೆಲ್ಲ ಕಣ್ಣು ತಪ್ಪಿಸಿದ್ದ. ತನ್ನನ್ನು ಚುಚ್ಚಲೆಂದೇ ಅಂಟಿಸಿಟ್ಟಿದ್ದಾನೆ ಎಂದು ಅವನ ಅನುಮಾನ.

"ಬಾರೋ ಗಡಿಯಾರ" ಎಂದ ಲಿಂಡ್ಸೆ. ಅಣ್ಣನನ್ನು ಅವನು ಹಾಗೇ ಕರೆಯುವುದು. "ಬೆವನ್ ಹೆಸ್ರು ತಾನೇ?"

"ಹೂಂ. ಒಂಬತ್ತು, ಎರಡು."

"ಎರಡಾ? ಒಂದು ನಿಂದು. ಇನ್ನೊಬ್ಬ ಯಾವನೋ ತಲೆಕೆಟ್ಟೋನು?"

"ಬೆವನ್ನೇ."

ಲಿಂಡ್ಸೆ ನಗಲು ಹೋದ. ನಗು ಕೆಮ್ಮಾಯಿತು, ಮೆರ್ಲ್ ಎದ್ದು ಬಂದು ಬೆನ್ನು ಸವರಿದಳು. ಉಸಿರು ಹಿಡಿತಕ್ಕೆ ಬರಲು ಹೊತ್ತು ಹಿಡಿಯಿತು. "ಇಟ್ಕೊಳ್ಳಲಿ ಬಿಡು" ಎಂದ. "ಗ್ಯಾಲರಿ ಅಂದ್ರೆ ಏನು, ಬೆಂಚು, ತಗಡು. ಪದಕ ಅಂತೂ ಎಲ್ಲಿದಾವೋ ನಂಗೇ ಗೊತ್ತಿಲ್ಲ. ಎಲ್ಲಿಟ್ಟಿದ್ದೀಯೇ ಮೆರ್ಲ್?"

"ಹೊಲಿಗೆ ಡಬ್ಬೀಲಿ, ಗುಂಡಿ ಜೊತೆ."

"ನೋಡು." ಅವನ ಕಣ್ಣು ಗೋಡೆಯ ಹಾಳೆಯ ಕಡೆ ಹೋಯಿತು. "ಅದು ವಿಕ್ ಡೆಂಪ್ಸಿ ಬಂದ ವರ್ಷದ್ದು. ಜ್ಞಾಪಕ ಇದೆಯಾ? ಸಿಡ್ನಿ ಚಾಂಪಿಯನ್. ನೀನು ಅವನನ್ನ ಮೂವತ್ತಕ್ಕೆ ನಿಲ್ಸಿದ್ದೆ. ನನ್ನ ಮೂವತ್ತೊಂದಕ್ಕೆ. ಎಲ್ಲಾರೂ ಕಡೀತಾ ಇದ್ದಾರೆ, ನಾವಿಬ್ರೇ ನಿಂತಿದ್ದೀವಿ. ಮೂವತ್ತು ಅಂತ ಕೂಗಿದ್ರು, ಅವನು ಏಟು ಹಾಕ್ದ. ನಾನು ಇನ್ನೂ ನಿಂತೇ ಇದ್ದೀನಿ. ಅವನು ಕೊಡಲಿ ಎತ್ತೋವಾಗ ಒಂದ್ಸಲ ತಿರುಗಿ ನನ್ನ ನೋಡ್ದ ಕಣೋ. ಇವನ್ಯಾವನಪ್ಪಾ ನನಗಿಂತ ಹಿಂದೆ ನಿಂತಿರೋನು ಅಂತ."

ಆ ಪಂದ್ಯ ಗೆದ್ದದ್ದು ಬೆವನ್. ಲಿಂಡ್ಸೆ ನಾಲ್ಕನೆಯವನಾಗಿದ್ದ. ಅದು ಅವನಿಗೆ ಮರೆತೇಹೋದಂತಿತ್ತು.

ಇಷ್ಟೂ ಆಥಲ್‌ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೇಳಬೇಕೆಂದು ಬಂದ ಮಾತೇ ಅವನ ತಲೆಯ ತುಂಬ ತುಂಬಿಕೊಂಡಿತ್ತು. ತಪ್ಪೊಪ್ಪಿಕೊಳ್ಳಲು ಹೊರಟವನಿಗೆ ಎದುರಿಗಿರುವವನ ಮುಖ ಕಾಣುವುದಿಲ್ಲ, ತನ್ನ ಭಾರವೊಂದೇ ಕಾಣುತ್ತದೆ. "ಲಿಂಡ್ಸೆ, ನಾನು ನಿಂಗೆ ಒಂದು ಮೋಸ ಮಾಡಿದ್ದೀನಿ" ಎಂದು ಶುರು ಮಾಡಿದ. ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಡೇರೆ, ಎರಡು ಸೆಕೆಂಡು, ಇಪ್ಪತ್ತಮೂರು ಪಂದ್ಯ, ನಲವತ್ತೊಂದು ಪದಕ. ಕೊನೆಗೆ ಪೆನ್ಸಿಲ್ ಪುಸ್ತಕವನ್ನು ತಮ್ಮನ ಕೈಯಲ್ಲಿಟ್ಟ. "ನಲವತ್ತೊಂದು ನಿಂದು. ನಾನು ತಿಂದ್ಹಾಕ್ದೆ."

ಲಿಂಡ್ಸೆ ಬೈಯಲಿಲ್ಲ. ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡ.

"ಮೆರ್ಲ್, ನನ್ನ ಕನ್ನಡಕ ಕೊಡು."

ಕನ್ನಡಕ ಹಾಕಿಕೊಂಡು ಪುಸ್ತಕದ ಹಾಳೆ ಮಗುಚಿದ. ಅವನು ಡೆಂಪ್ಸಿ ಬಂದ ವರ್ಷವನ್ನು ಹುಡುಕುತ್ತಿದ್ದಾನೆಂದು ಆಥಲ್‌ಗೆ ತಿಳಿದದ್ದು ಆಗ. ಕೈ ಚಾಚಿ ಪುಸ್ತಕ ಕಿತ್ತುಕೊಳ್ಳಬೇಕೆನ್ನಿಸಿತು. ಆ ದಿನ ಮಾತ್ರ ಸೇರಿಸಿರಲಿಲ್ಲ ಎಂದು ಒಂದು ಸುಳ್ಳು ಹೇಳಿಬಿಡಬೇಕೆನ್ನಿಸಿತು. ಹೊತ್ತು ಮೀರಿತ್ತು. ಆ ಪುಟದಲ್ಲಿ ಅವನದೇ ಅಂದವಾದ ಪೆನ್ಸಿಲ್ ಅಕ್ಷರ: ಡೆಂಪ್ಸಿ 30. ಲಿಂಡ್ಸೆ 29.

"ಹಾಗಾದ್ರೆ ಅವನೇ ಹಿಂದೆ ನಿಲ್ಬೇಕಿತ್ತು" ಎಂದ ಲಿಂಡ್ಸೆ.

"ಒಂದೇ ಒಂದು ಸೆಕೆಂಡು ಕಣೋ."

"ಒಂದು ಸೆಕೆಂಡೇ. ಗೊತ್ತು." ಅವನು ಪುಸ್ತಕ ಮುಚ್ಚಿದ. "ನಂಗೆ ಸೋತಿದ್ದಕ್ಕೆ ಒಂದಿನಾನೂ ಬೇಜಾರಾಗ್ಲಿಲ್ಲ ಆಥಲ್. ಪದಕ ಅವರಿಗೆ, ಎಣಿಕೆ ನಂಗೆ ಅಂದ್ಕೊಂಡಿದ್ದೆ. ಈ ದ್ವೀಪದಲ್ಲಿ ಮೂವತ್ತೊಂದರ ತನಕ ನಿಂತೋನು ನಾನೊಬ್ಬನೇ. ಹಾಲು ಕರೆಯೋವಾಗೆಲ್ಲ ಅದನ್ನೇ ಅಂದ್ಕೊಳ್ತಿದ್ದೆ. ನಗ್ತೀಯೇನೋ."

ಆಥಲ್ ನಗಲಿಲ್ಲ.

"ನೀನು ಸುಳ್ಳು ಬರೆಯೋನಲ್ಲ, ಅದಕ್ಕೇ ನಂಬಿದ್ದೆ. ಬೇರೆ ಯಾರಾದ್ರೂ ಹಾಕಿದ್ರೆ ಅನುಮಾನ ಪಡ್ತಿದ್ದೆ." ಅವನು ಮೆರ್ಲ್ ಕಡೆ ತಿರುಗಿದ. "ಆ ಹಾಳೆ ತೆಗೆದ್ಬಿಡೇ."

"ಯಾಕೆ? ನೀನೇ ತಾನೇ ಹಟ ಮಾಡಿ ಅಂಟಿಸ್ಕೊಂಡಿದ್ದು?"

"ತಪ್ಪು ಅಚ್ಚಾಗಿದೆ."

ಮೆರ್ಲ್ ಇಬ್ಬರ ಮುಖವನ್ನೂ ನೋಡಿ, ಮಾತಾಡದೆ ಹಾಳೆಯನ್ನು ಮೆಲ್ಲಗೆ ಬಿಡಿಸಿದಳು. ಲಿಂಡ್ಸೆ ಕಣ್ಣು ಮುಚ್ಚಿಕೊಂಡ. ಆಥಲ್ ಹೊರಡಲು ಎದ್ದಾಗ ಕಣ್ಣು ಬಿಡದೆಯೇ ಹೇಳಿದ: "ನಂಗೆ ಎಣಿಸೋವಾಗ ಇಪ್ಪತ್ತೊಂಬತ್ತಕ್ಕೆ ನಿಲ್ಸು. ನಂದಲ್ಲದ್ದು ನಂಗ್ಬೇಡ. ಅಷ್ಟು ಮಾಡು, ಸಾಕು."

ಒಂಬತ್ತು ದಿನಕ್ಕೆ ಅವನು ತೀರಿಹೋದ. ಆ ಒಂಬತ್ತು ದಿನವೂ ಆಥಲ್ ಆಸ್ಪತ್ರೆಗೆ ಹೋಗಿ ಕೂತ. ಲಿಂಡ್ಸೆ ಹವೆ, ಹಸು, ಆಲೂಗಡ್ಡೆ ಎಲ್ಲ ಮಾತಾಡಿದ, ಮುನಿಸಿಕೊಂಡಂತೆ ಕಾಣಲಿಲ್ಲ. ಆದರೆ ಗಡಿಯಾರ ಎಂದು ಮತ್ತೆ ಕರೆಯಲಿಲ್ಲ.

ವಸಂತದಲ್ಲಿ ಮೇಳ ಬಂತು. ಹೊಸ ಗ್ಯಾಲರಿಯ ನೆತ್ತಿಯಲ್ಲಿ ಬೆವನ್ ಗಾಫ್ ಎಂಬ ಹೆಸರು ದೂರಕ್ಕೆ ಕಾಣುತ್ತಿತ್ತು. ಕೆಳಗೆ ಖಾಲಿ ದಿಮ್ಮಿ, ಅದರ ಪಕ್ಕದಲ್ಲಿ ಬೆವನ್, ಲಿಂಡ್ಸೆಯದೇ ಕೊಡಲಿ ಹಿಡಿದು ನಿಂತಿದ್ದ. ಸರಿಸಮಾನ ಅಂತ ಊರಲ್ಲಿ ಉಳಿದವನು ಅವನೊಬ್ಬನೇ. ಆಥಲ್ ಮೈಕಿನ ಮುಂದೆ ನಿಂತು ಎಣಿಸತೊಡಗಿದ. ಜನ ಟೋಪಿ ತೆಗೆದರು. ಹತ್ತು, ಇಪ್ಪತ್ತು, ಇಪ್ಪತ್ತೈದು. ಅವನ ದನಿ ಗಟ್ಟಿಯಾಗಿಯೇ ಇತ್ತು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು.

ನಿಲ್ಲಿಸಿದ. ಕೊಡಲಿ ಬೀಳಲಿಲ್ಲ.

ಬೆವನ್ ಕೊಡಲಿ ಎತ್ತಿಕೊಂಡೇ ನಿಂತಿದ್ದ. ತುಟಿ ಮಾತ್ರ ಎರಡು ಸಲ ಅಲ್ಲಾಡಿತು. ಆಮೇಲೆ ಏಟು ಹಾಕಿದ. ಚಕ್ಕೆಯೊಂದು ಎಗರಿ ಹುಲ್ಲಿನ ಮೇಲೆ ಬಿತ್ತು, ಗ್ಯಾಲರಿಯ ತುಂಬ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣನಿಗೆ ದುಃಖ ಉಕ್ಕಿ ದನಿ ಕಟ್ಟಿತು, ಬೆವನ್ ಸಂಭಾಳಿಸಿದ ಎಂದುಕೊಂಡರು. ಮೆರ್ಲ್ ಅಳುತ್ತಾ, "ಬೆವನ್‌ದು ದೊಡ್ಡ ಮನಸ್ಸು" ಎಂದಳು.

ಬೆವನ್ ಕುಂಟುತ್ತಾ ಬಂದು ಕೊಡಲಿಯನ್ನು ಆಥಲ್‌ನ ಕೈಗೆ ಕೊಟ್ಟ. "ಮೂವತ್ತೊಂದು ಕಣೋ ಅವನು" ಎಂದ, ಸ್ವಲ್ಪ ಜಗಳದ ದನಿಯಲ್ಲೇ. "ನಿನ್ನ ಪುಸ್ತಕ ನೀನಿಟ್ಕೋ."

ಆಥಲ್ ಕೊಡಲಿ ಹಿಡಿದು ನಿಂತ. ಹೇಳಿದ್ದರೂ ಬೆವನ್‌ಗೆ ಅರ್ಥವಾಗುತ್ತಿರಲಿಲ್ಲ. ಲಿಂಡ್ಸೆ ಜೀವಮಾನದಲ್ಲಿ ಅಣ್ಣನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದರಲ್ಲೂ ಅವನನ್ನು ಎರಡು ಸೆಕೆಂಡು ಹೆಚ್ಚಿಗೆ ನಿಲ್ಲಿಸಿದ್ದಾಗಿತ್ತು.